ಹಿಮ್ಮಡಿಯ ಮೇಲೊಂದು ಅಂಬಾರಿ

ಆಗದ ಕೆಲಸಕ್ಕೆ ನಮ್ಮಲ್ಲೊಂದು ಮಾತಿದೆ: ‘ತಿಪ್ಪರಲಾಗ ಹಾಕಿದರೂ ಆಗೋದಿಲ್ಲ.’ ಮನುಷ್ಯ ಪಡಬಹುದಾದ ಪಾಡಿನ ಕೊನೆಯ ಮೆಟ್ಟಿಲೇ ಲಾಗ ಎಂದು ಹಿರಿಯರು ತೀರ್ಮಾನಿಸಿಬಿಟ್ಟಿದ್ದರು. ಒಂದೇ ಒಂದು ಲಾಗಕ್ಕೆ ಅಷ್ಟು ಮರ್ಯಾದೆ.

2019ರ ಅಕ್ಟೋಬರ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಿಶ್ವ ಜಿಮ್ನಾಸ್ಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು. ಅಮೆರಿಕದ 22 ವರ್ಷದ ಸಿಮೋನ್ ಬೈಲ್ಸ್ ಅಂಕಣದ ಒಂದು ಮೂಲೆಯಿಂದ ಓಡಿಬಂದು, ನೆಲ ಬಿಟ್ಟು ಹಾರಿ, ಮತ್ತೆ ನೆಲ ಮುಟ್ಟುವುದರೊಳಗೆ ಹಿಂದಕ್ಕೆ ಎರಡು ಲಾಗ ಹಾಕಿದರು. ಬರೀ ಲಾಗವಲ್ಲ, ಅದು ನಡೆಯುತ್ತಿರುವಾಗಲೇ ಬುಗುರಿಯ ಹಾಗೆ ಮೂರು ಸುತ್ತು ತಿರುಗಿದರು. ಲಾಗದ ಲೆಕ್ಕ 720 ಡಿಗ್ರಿ, ಬುಗುರಿಯ ಲೆಕ್ಕ 1,080 ಡಿಗ್ರಿ. ಇಷ್ಟಕ್ಕೂ ಹಿಡಿದ ಹೊತ್ತು ಒಂದು ಸೆಕೆಂಡಿನ ಆಸುಪಾಸು. ‘ಟ್ರಿಪಲ್ ಡಬಲ್’ ಎನ್ನುವ ಈ ವರಸೆಯನ್ನು ಅದೇ ವರ್ಷ ಆಗಸ್ಟ್‌ನಲ್ಲಿ ತಮ್ಮ ದೇಶದ ಕೂಟದಲ್ಲಿ ಮೊದಲ ಬಾರಿಗೆ ಮಾಡಿ ತೋರಿಸಿದ್ದರು. ಸ್ಟುಟ್‌ಗಾರ್ಟ್ ನಂತರ ಅದು ನಿಯಮಪುಸ್ತಕದಲ್ಲಿ ಅವರ ಹೆಸರಿನಲ್ಲೇ ದಾಖಲಾಯಿತು.

ವಿಡಿಯೊ ನೋಡುವಾಗ ಎಲ್ಲರ ಕಣ್ಣೂ ಗಾಳಿಯಲ್ಲಿರುವ ದೇಹದ ಮೇಲಿರುತ್ತದೆ. ಆದರೆ ಆ ದೇಹ ಗಾಳಿಗೇರುವ ಹೊತ್ತಿಗೆ ಕೆಲಸವೆಲ್ಲ ಮುಗಿದಿರುತ್ತದೆ. ಎಷ್ಟು ಎತ್ತರ, ಎಷ್ಟು ಹೊತ್ತು, ಒಟ್ಟು ಎಷ್ಟು ತಿರುಗುವ ಕಸುವು ಎಂಬ ಮೂರೂ ಪಾದ ನೆಲ ಬಿಡುವ ಮುನ್ನವೇ ನಿಗದಿಯಾಗಿರುತ್ತವೆ. ಹಾಗಾಗಿ ಈ ಲೇಖನದ ಲೆಕ್ಕಗಳೆಲ್ಲ ಸೊಂಟದಿಂದ ಕೆಳಗಿನವು.

ಸೆಕೆಂಡಿನ ಹತ್ತರಲ್ಲೊಂದು ಪಾಲು

ನೆಲದ ವ್ಯಾಯಾಮದ ಅಂಕಣ 12 ಮೀಟರ್ ಉದ್ದ, 12 ಮೀಟರ್ ಅಗಲ. ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 17 ಮೀಟರ್. ಓಟ, ಲಾಗ, ಇಳಿತ ಮೂರೂ ಇಷ್ಟರಲ್ಲೇ ಆಗಬೇಕು. ಕೆಲವೇ ಹೆಜ್ಜೆ ಓಡಿ ‘ರೌಂಡಾಫ್’ ಎಂಬ ಅಡ್ಡಲಾಗ ಹಾಕಿ ಬೆನ್ನು ತಿರುಗಿಸುತ್ತಾರೆ. ಅದರ ಬೆನ್ನಿಗೇ ಕೈ ಊರಿ ಹಿಂದಕ್ಕೆ ಮಗುಚುವ ‘ಫ್ಲಿಕ್-ಫ್ಲಾಕ್’. ಅಲ್ಲಿಂದ ಎರಡೂ ಪಾದ ಒಟ್ಟಿಗೆ ನೆಲಕ್ಕೆ ಬಡಿಯುತ್ತವೆ, ದೇಹ ಮೇಲೇಳುತ್ತದೆ. ಹೀಗೆ ಬಡಿಯುವುದಕ್ಕೆ ತರಬೇತಿ ಶಾಲೆಗಳಲ್ಲಿ ‘ಪಂಚ್’ ಎನ್ನುತ್ತಾರೆ.

ಆ ಪಂಚ್‌ನಲ್ಲಿ ಪಾದ ನೆಲಕ್ಕೆ ತಾಗಿರುವುದು ಸುಮಾರು 0.1 ಸೆಕೆಂಡ್. ಕಣ್ಣು ಮಿಟುಕಿಸಲೂ ಸಾಲದಷ್ಟು ಹೊತ್ತು. ಮಹಿಳೆಯರ ನೆಲದ ವ್ಯಾಯಾಮಕ್ಕೆ ಸಿಗುವ ಕಾಲ ಹೆಚ್ಚೆಂದರೆ 90 ಸೆಕೆಂಡ್. ಅದರಲ್ಲಿ ದೊಡ್ಡ ಲಾಗಗಳ ಸಾಲು ನಾಲ್ಕು ಎಂದಿಟ್ಟುಕೊಳ್ಳಿ. ನಾಲ್ಕು ಪಂಚ್ ಕೂಡಿಸಿದರೆ 0.4 ಸೆಕೆಂಡ್. ವರ್ಷಗಟ್ಟಲೆ ಬೆವರು ಸುರಿಸಿದವರ ಪದಕ ನಿಂತಿರುವುದು ಅರ್ಧ ಸೆಕೆಂಡಿಗೂ ಕಡಿಮೆ ಅವಧಿಯ ಮೇಲೆ.

ಇಷ್ಟು ಕಡಿಮೆ ಹೊತ್ತಿನಲ್ಲಿ ಎಷ್ಟು ಬಲ ಬೇಕು? ಪಿಯುಸಿ ಭೌತಶಾಸ್ತ್ರ ಸಾಕು. ಗಾಳಿಯಲ್ಲಿ ಒಂದು ಸೆಕೆಂಡ್ ಇರಬೇಕಾದರೆ ಅರ್ಧ ಸೆಕೆಂಡ್ ಏರಬೇಕು, ಅರ್ಧ ಸೆಕೆಂಡ್ ಇಳಿಯಬೇಕು. ಅದಕ್ಕೆ ನೆಲ ಬಿಡುವಾಗ ನೇರ ಮೇಲಕ್ಕೆ ಸೆಕೆಂಡಿಗೆ 4.9 ಮೀಟರ್ ವೇಗ ಇರಲೇಬೇಕು, ಅಂದರೆ ಗಂಟೆಗೆ ಸುಮಾರು 18 ಕಿಲೊಮೀಟರ್. ಊರೊಳಗೆ ಸೈಕಲ್ ಹೊಡೆಯುವ ವೇಗ ಅದು, ಆದರೆ ದಿಕ್ಕು ಆಕಾಶದ ಕಡೆಗೆ, ಸಿಗುವ ಸಮಯ 0.1 ಸೆಕೆಂಡ್. ಬೈಲ್ಸ್ ಅವರ ಎತ್ತರ 1.42 ಮೀಟರ್, ತೂಕ ಸುಮಾರು 47 ಕೆ.ಜಿ. ಗುಣಿಸಿ, ಭಾಗಿಸಿ, ಅವರದೇ ತೂಕವನ್ನೂ ಸೇರಿಸಿದರೆ ಪಾದಗಳು ನೆಲವನ್ನು ಸರಾಸರಿ 280 ಕೆ.ಜಿ.ಯಷ್ಟು ಬಲದಿಂದ ಒತ್ತಬೇಕು. ದೇಹತೂಕದ ಆರು ಪಟ್ಟು.

ಇದಿನ್ನೂ ಸರಾಸರಿ. ಬಲ ಆ 0.1 ಸೆಕೆಂಡಿನುದ್ದಕ್ಕೂ ಒಂದೇ ಸಮ ಇರುವುದಿಲ್ಲ. ಮೊದಲಿಗೆ ಸೊನ್ನೆ, ಕೊನೆಗೆ ಸೊನ್ನೆ, ನಡುವೆ ಗೋಪುರದಂತೆ ಏರಿ ಇಳಿಯುತ್ತದೆ. ಬಲಮಾಪಕ ಹಲಗೆಗಳ ಮೇಲೆ ಜಿಮ್ನಾಸ್ಟ್‌ಗಳನ್ನು ಹಾರಿಸಿ ಅಳೆದವರಿಗೆ ಆ ಗೋಪುರದ ತುದಿ ದೇಹತೂಕದ 10 ಪಟ್ಟಿಗೂ ಮೇಲೆ ಸಿಕ್ಕಿದೆ.

ಹೋಲಿಸಿ ನೋಡಿ. ನಡೆಯುವಾಗ ನಮ್ಮ ಪಾದದ ಮೇಲೆ ಬೀಳುವುದು ದೇಹತೂಕದ 1.2 ಪಟ್ಟು, ಓಡುವಾಗ ಎರಡೂವರೆ ಪಟ್ಟಿನ ಸುಮಾರು. ಮನೆಯಲ್ಲಿ ಮುಳ್ಳಿರುವ ತೂಕದ ಯಂತ್ರವಿದ್ದರೆ ಅದರ ಮೇಲೆ ನಿಂತು, ತುದಿಗಾಲಲ್ಲಿ ಎದ್ದು, ಹಿಮ್ಮಡಿಯನ್ನು ದಪ್ಪನೆ ಇಳಿಸಿ. ಮುಳ್ಳು ಬೆಚ್ಚಿಬಿದ್ದು ಮೇಲಕ್ಕೆ ಹೋಗುತ್ತದೆ. ಎರಡಂಗುಲದ ಇಳಿತಕ್ಕೇ ಆ ಗತಿ.

ಇದನ್ನು ಕೇಳಿದವರು, ತೊಡೆಯಲ್ಲಿ ಬಲವಿದ್ದರೆ ಕುಪ್ಪಳಿಸಬಹುದಲ್ಲ ಎನ್ನಬಹುದು. ಆಗುವುದಿಲ್ಲ. ಮಂಡಿ ಮಡಿಸಿ, ಕುಕ್ಕರಿಸಿ, ತೊಡೆಯ ಬಲದಿಂದ ದೇಹವನ್ನು ಎತ್ತಲು ಅರ್ಧ ಸೆಕೆಂಡ್‌ನಷ್ಟು ಹೊತ್ತಾದರೂ ಬೇಕು. ಇಲ್ಲಿರುವುದು ಅದರ ಐದರಲ್ಲೊಂದು ಪಾಲು. ಆದ್ದರಿಂದ ಪಂಚ್ ಮಾಡುವವರು ಮಂಡಿಯನ್ನು ಆದಷ್ಟು ಕಡಿಮೆ ಮಡಿಸುತ್ತಾರೆ, ಕಾಲನ್ನು ಬಿಗಿ ಹಿಡಿಯುತ್ತಾರೆ. ರಬ್ಬರ್ ಚೆಂಡು ಪುಟಿಯುತ್ತದೆ, ಚಪಾತಿಯ ಕಣಕ ಪುಟಿಯುವುದಿಲ್ಲ. ಮಂಡಿ ಸಡಿಲ ಬಿಟ್ಟ ಕಾಲು ಕಣಕದ ಉಂಡೆಯಂತೆ: ಓಟದಿಂದ ಬಂದ ವೇಗವನ್ನೆಲ್ಲ ನುಂಗಿ ಸುಮ್ಮನಾಗುತ್ತದೆ. ಬಿಗಿದ ಕಾಲು ಅದೇ ವೇಗದ ದಿಕ್ಕನ್ನು ಬದಲಿಸಿ ಮೇಲಕ್ಕೆ ಕಳಿಸುತ್ತದೆ.

ಆನೆ, ಕಿರುಬೆರಳು

ಪುಟಿಯುವ ಕೆಲಸದ ದೊಡ್ಡ ಪಾಲು ಮೀನಖಂಡದ್ದು, ಅದನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಅಕಿಲಿಸ್ ಸ್ನಾಯುರಜ್ಜುವಿನದು. ಹಿಮ್ಮಡಿಯ ಮೇಲ್ಗಡೆ ಎರಡು ಬೆರಳಲ್ಲಿ ಹಿಡಿದರೆ ಹುರಿಯಂತೆ ಸಿಗುತ್ತದಲ್ಲ, ಅದೇ. ದಪ್ಪ ಹೆಚ್ಚುಕಡಿಮೆ ಕಿರುಬೆರಳಿನಷ್ಟು. ಮನುಷ್ಯನ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ಸ್ನಾಯುರಜ್ಜು ಇನ್ನೊಂದಿಲ್ಲ.

ಅದಕ್ಕೆ ಬೀಳುವ ಹೊರೆ ನೆಲದ ಬಲಕ್ಕಿಂತಲೂ ಹೆಚ್ಚು. ಕಾರಣ ಪಾದದ ರಚನೆ. ಪಂಚ್ ಆಗುವುದು ಪಾದದ ಮುಂಭಾಗದ ಮೇಲೆ. ಅಲ್ಲಿಂದ ಹರಡಿನ ಕೀಲಿಗೆ ಇರುವ ದೂರ ಹೆಚ್ಚು, ಕೀಲಿನಿಂದ ಹಿಂದೆ ಸ್ನಾಯುರಜ್ಜು ಅಂಟಿರುವಲ್ಲಿಗೆ ಕಡಿಮೆ. ಸುಮಾರು ಎರಡೂವರೆಗೆ ಒಂದರ ಪ್ರಮಾಣ. ಹಾರೆಯ ಗಿಡ್ಡ ತುದಿಯನ್ನು ಹಿಡಿದು ಉದ್ದ ತುದಿಯಲ್ಲಿರುವ ಕಲ್ಲನ್ನು ಎತ್ತಿದ ಹಾಗೆ. ನೆಲದ ಬಲ ಎರಡು ಕಾಲಿಗೆ ಹಂಚಿಹೋದರೂ, ಹಿಂದೆ ಎಳೆಯುವ ಹುರಿಗೆ ಅದು ಎರಡೂವರೆ ಪಟ್ಟಾಗಿ ಬೀಳುತ್ತದೆ. ಹಿಂದಕ್ಕೆ ಎರಡು ಲಾಗ ಹಾಕುವವರ ಹಾರಿಕೆಯನ್ನು 1980ರ ದಶಕದಲ್ಲಿ ಲೆಕ್ಕ ಹಾಕಿದ ವಿಜ್ಞಾನಿಗಳು ಅಕಿಲಿಸ್‌ನ ಮೇಲಿನ ಸೆಳೆತ ದೇಹತೂಕದ ಸುಮಾರು 16 ಪಟ್ಟು ಎಂದು ಅಂದಾಜಿಸಿದ್ದಾರೆ.

ಈ 16 ಪಟ್ಟನ್ನು 47 ಕೆ.ಜಿ. ದೇಹಕ್ಕೆ ಅನ್ವಯಿಸಿ. ಬರುವ ಉತ್ತರ 752 ಕೆ.ಜಿ.

ಮೈಸೂರು ದಸರೆಯ ಚಿನ್ನದ ಅಂಬಾರಿಯ ತೂಕ 750 ಕೆ.ಜಿ. 2024ರ ದಸರೆಯಲ್ಲಿ ಅದನ್ನು ಹೊತ್ತ ಆನೆ ಅಭಿಮನ್ಯುವಿನ ತೂಕ 5 ಟನ್ ಮೀರಿತ್ತು. ತಿಂಗಳುಗಟ್ಟಲೆ ಮುಂಚೆ ಕಾಡಿನಿಂದ ಕರೆತಂದು, ತೂಕ ನೋಡಿ, ಮೇವು ಹೆಚ್ಚಿಸಿ, ಮರಳಿನ ಮೂಟೆ ಹೊರಿಸಿ ತಾಲೀಮು ಮಾಡಿಸಿದ ಮೇಲಷ್ಟೇ ಅಂಬಾರಿ ಕಟ್ಟುತ್ತಾರೆ. ಅಂಬಾರಿಯ ಭಾರ ಆನೆಯ ಮೈತೂಕದ ಏಳರಲ್ಲೊಂದು ಪಾಲು. ಇಲ್ಲಿ ಮೈತೂಕದ ಹದಿನಾರು ಪಟ್ಟು, ಅದೂ ಕಿರುಬೆರಳು ದಪ್ಪದ ಒಂದು ಹುರಿಯ ಮೇಲೆ. ನ್ಯಾಯವಾಗಿ ಹೇಳಬೇಕಾದರೆ, ಆನೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೊಮೀಟರ್ ಹೊರುತ್ತದೆ, ಹಿಮ್ಮಡಿ ಹೊರುವುದು ಸೆಕೆಂಡಿನ ನೂರರಲ್ಲಿ ಕೆಲವು ಪಾಲು ಮಾತ್ರ. ಆದರೆ ಆನೆಗೆ ವರ್ಷಕ್ಕೊಂದೇ ವಿಜಯದಶಮಿ.

ನೆಲವೂ ಆಡುತ್ತದೆ

ಇಂಥ ಹೊರೆಯನ್ನು ಸಿಮೆಂಟ್ ನೆಲದ ಮೇಲೆ ಯಾರೂ ಹೊರಲಾರರು. ಟಿವಿಯಲ್ಲಿ ಜಮಖಾನೆಯಂತೆ ಕಾಣುವ ಆ ಅಂಕಣದ ಅಡಿಯಲ್ಲಿ ಪದರಗಳಿವೆ. ಮೇಲೆ ಕಾರ್ಪೆಟ್, ಅದರಡಿ ಫೋಮ್, ಅದರಡಿ ಪ್ಲೈವುಡ್, ಎಲ್ಲಕ್ಕಿಂತ ಕೆಳಗೆ ಸಾವಿರಕ್ಕೂ ಹೆಚ್ಚು ಉಕ್ಕಿನ ಸ್ಪ್ರಿಂಗ್‌ಗಳು. ಪಾದ ಬಡಿದಾಗ ನೆಲ ತಗ್ಗುತ್ತದೆ, ತಗ್ಗಿ ಮರಳಿ ಏಳುತ್ತದೆ. ಅದು ಏಳುವ ಗಳಿಗೆಗೆ ಪಾದವೂ ಹೊರಟರೆ ನೆಲ ಪಡೆದದ್ದನ್ನು ಬಡ್ಡಿಯಿಲ್ಲದೆ ಹಿಂದಿರುಗಿಸುತ್ತದೆ. ಪಾದ ತಡವಾದರೆ, ಬೇಗ ಹೊರಟರೆ, ಅಸಲೂ ಕೈಬಿಡುತ್ತದೆ. ಬಿಗಿ ಕಾಲಿನ ಕಲೆ ಎಂದರೆ ನೆಲದ ಸ್ಪ್ರಿಂಗ್ ಮತ್ತು ಕಾಲಿನ ಸ್ಪ್ರಿಂಗ್ ಎರಡನ್ನೂ ಒಂದೇ ತಾಳಕ್ಕೆ ಕೂರಿಸುವುದು.

ನೆಲದ ಗುಣ, ತರಬೇತಿಯ ಗುಣ ಎರಡೂ ಹೇಗೆ ಬೆಳೆದವು ಎನ್ನುವುದನ್ನು ಲಾಗಗಳ ಎಣಿಕೆಯೇ ಹೇಳುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಒಕ್ಕೂಟದ ನೆಲ್ಲಿ ಕಿಮ್ ನೆಲದ ವ್ಯಾಯಾಮದಲ್ಲಿ ಎರಡು ಹಿಂಲಾಗ ಹಾಕಿ ತೋರಿಸಿ, 10ಕ್ಕೆ 10 ಅಂಕ ಪಡೆದರು. ಆ ಎರಡು ಲಾಗದಲ್ಲಿ ಬುಗುರಿ ಸುತ್ತು ಇರಲಿಲ್ಲ. 1980ರ ದಶಕದಲ್ಲಿ ರುಮೇನಿಯಾದ ಡ್ಯಾನಿಯೆಲಾ ಸಿಲಿವಾಸ್ ಎರಡು ಲಾಗಕ್ಕೆ ಎರಡು ಸುತ್ತು ಸೇರಿಸಿದರು. ಅಲ್ಲಿಂದ ಮೂರನೆಯ ಸುತ್ತು ಸೇರಲು ಮೂರು ದಶಕ ಹಿಡಿಯಿತು. ಪುರುಷರಲ್ಲಿ 1987ರಲ್ಲಿ ವಲೇರಿ ಲ್ಯೂಕಿನ್ ನೆಲದಿಂದ ಹಾರಿ ಮೂರು ಲಾಗ ಹಾಕಿದರು, ಮಂಡಿಯನ್ನು ಎದೆಗೆ ಒತ್ತಿ ಉಂಡೆಯಾಗಿ. ಅದೇ ಮೂರು ಲಾಗವನ್ನು ಕಾಲು ನೇರ ಚಾಚಿ, ಸೊಂಟದಲ್ಲಷ್ಟೇ ಬಾಗಿ ಹಾಕಿದ್ದು 2021ರಲ್ಲಿ, ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ, ರಷ್ಯಾದ ನಿಕಿತಾ ನಗೋರ್ನಿ. ಉಂಡೆಯಿಂದ ನೇರ ಕಾಲಿಗೆ ಬರಲು 34 ವರ್ಷ.

ಕಾಲು ಚಾಚುವುದು ಅಷ್ಟೇಕೆ ಕಷ್ಟ? ದೇಹದ ತೂಕದಲ್ಲಿ ಮೂರನೇ ಒಂದರಷ್ಟು ಕಾಲುಗಳದ್ದೇ. ಬೈಲ್ಸ್ ಅವರ ಲೆಕ್ಕದಲ್ಲಿ ಸುಮಾರು 16 ಕೆ.ಜಿ. ಆ ತೂಕವನ್ನು ಎದೆಗೆ ಎಳೆದುಕೊಂಡರೆ ದೇಹ ತಿರುಗಲು ಒಡ್ಡುವ ತಡೆ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ, ಲಾಗ ಅಷ್ಟು ಪಟ್ಟು ಚುರುಕಾಗುತ್ತದೆ. ಚಾಚಿದರೆ ನಿಧಾನ. ನಿಧಾನವಾದರೆ ಗಾಳಿಯಲ್ಲಿ ಇನ್ನಷ್ಟು ಹೊತ್ತು ಬೇಕು, ಇಲ್ಲವೇ ಹೊರಡುವಾಗಲೇ ಹೆಚ್ಚು ತಿರುಗುಬಲ ಬೇಕು. ಎರಡನ್ನೂ ಕೊಡಬೇಕಾದದ್ದು ಅದೇ 0.1 ಸೆಕೆಂಡಿನಲ್ಲಿ, ಅದೇ ಎರಡು ಪಾದ.

ಗಾಳಿಯಲ್ಲಿ ಹೊತ್ತು ಹೆಚ್ಚಿಸುವುದು ದುಬಾರಿ ವ್ಯವಹಾರ. ಒಂದು ಸೆಕೆಂಡ್ ಇರಲು ದೇಹದ ಭಾರಕೇಂದ್ರ 1.23 ಮೀಟರ್ ಏರಬೇಕು. 1.1 ಸೆಕೆಂಡ್ ಬೇಕೆಂದರೆ 1.48 ಮೀಟರ್. ಸೆಕೆಂಡಿನ ಹತ್ತರಲ್ಲೊಂದು ಪಾಲಿಗೆ 25 ಸೆಂಟಿಮೀಟರ್ ಹೆಚ್ಚುವರಿ ಎತ್ತರ. 1.42 ಮೀಟರ್ ಎತ್ತರದ ವ್ಯಕ್ತಿಗೆ ಅದು ತನ್ನ ಎತ್ತರವನ್ನೇ ಮೀರಿ ಏರಿದ ಹಾಗೆ. ಏಣಿ, ಕೋಲು, ಟ್ರ್ಯಾಂಪೊಲಿನ್ ಯಾವುದೂ ಇಲ್ಲ.

ಇನ್ನು ಬುಗುರಿ ಸುತ್ತು. ಸೆಕೆಂಡಿಗೆ ಮೂರು ಸುತ್ತು ಎಂದರೆ ನಿಮಿಷಕ್ಕೆ 180. ರೆಗ್ಯುಲೇಟರ್ ಕಡಿಮೆ ಮಾಡಿಟ್ಟ ಸೀಲಿಂಗ್ ಫ್ಯಾನ್ ಕಣ್ಣ ಮುಂದೆ ತಂದುಕೊಳ್ಳಿ. ಆ ಫ್ಯಾನ್ ತಾನೇ ಎರಡು ಬಾರಿ ತಲೆಕೆಳಗಾಗಿ ಮಗುಚಿಕೊಂಡು, ಕೊನೆಗೆ ಸರಿಯಾದ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು.

ಇಳಿಯುವ ಲೆಕ್ಕ

ಏರಿದ್ದು ಇಳಿಯಲೇಬೇಕು. ನೋಡುಗರು ಚಪ್ಪಾಳೆ ತಟ್ಟುವ ಕ್ಷಣದಲ್ಲೇ ಕಾಲಿಗೆ ದಿನದ ದೊಡ್ಡ ಪೆಟ್ಟು ಬೀಳುತ್ತದೆ.

1.3 ಮೀಟರ್ ಎತ್ತರದಿಂದ ಬಿದ್ದ ದೇಹವನ್ನು 10 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿದರೆ ಕಾಲು ಸರಾಸರಿ ದೇಹತೂಕದ 14 ಪಟ್ಟು ಬಲ ತಡೆಯಬೇಕು. ಅದೇ ದೇಹವನ್ನು ಮಂಡಿ, ಸೊಂಟ ಬಾಗಿಸುತ್ತ 40 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿದರೆ 4 ಪಟ್ಟಿನ ಸುಮಾರು ಸಾಕು. ಬಿದ್ದ ಎತ್ತರ ಒಂದೇ, ದೇಹ ಒಂದೇ. 30 ಸೆಂಟಿಮೀಟರ್ ಬಾಗುವಿಕೆ 650 ಕೆ.ಜಿ.ಯ ಪೆಟ್ಟನ್ನು 200ಕ್ಕೆ ಇಳಿಸುತ್ತದೆ. ಮಹಡಿಯಿಂದ ಹಾರುವ ಬೆಕ್ಕಿಗೆ ಇದು ಹುಟ್ಟಿನಿಂದಲೇ ಗೊತ್ತು.

ಜಿಮ್ನಾಸ್ಟ್‌ಗಳಿಗೂ ಗೊತ್ತು. ಆದರೆ ತೀರ್ಪುಗಾರರು ಕೂತಿರುತ್ತಾರೆ. ಇಳಿದ ಮೇಲೆ ಸಣ್ಣ ಹೆಜ್ಜೆ ಇಟ್ಟರೆ 0.1 ಕಡಿತ, ದೊಡ್ಡ ಹೆಜ್ಜೆಗೆ 0.3, ಬಿದ್ದರೆ ಪೂರ್ತಿ 1 ಅಂಕ. ತೀರಾ ಕುಕ್ಕರಿಸಿದರೂ ಕಡಿತ. ಮೊಳೆ ಹೊಡೆದಂತೆ ನಿಂತವರ ಇಳಿತಕ್ಕೆ ಕಡಿತವಿಲ್ಲ. ದೇಹ ಬಾಗು ಎನ್ನುತ್ತದೆ, ನಿಯಮಪುಸ್ತಕ ನಿಲ್ಲು ಎನ್ನುತ್ತದೆ. ಎರಡರ ನಡುವೆ ಸಿಕ್ಕಿಕೊಳ್ಳುವುದು ಮಂಡಿ.

1988ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಎರಡು ಹಿಂಲಾಗದ ಇಳಿತದಲ್ಲಿ ನೆಲದ ಬಲ ದೇಹತೂಕದ 8.8ರಿಂದ 14.4 ಪಟ್ಟಿನವರೆಗೆ ಮುಟ್ಟಿತ್ತು. ಮೇಲಿನ ತುದಿಯನ್ನು 47 ಕೆ.ಜಿ.ಗೆ ಗುಣಿಸಿದರೆ 677 ಕೆ.ಜಿ. ಒಂದು ಕಾಲದಲ್ಲಿ ನಮ್ಮ ಬೀದಿಗಳನ್ನು ತುಂಬಿದ್ದ ಮಾರುತಿ 800 ಕಾರಿನ ತೂಕ ಸುಮಾರು 650 ಕೆ.ಜಿ. ಒಂದು ಇಳಿತಕ್ಕೆ ಒಂದು ಕಾರು.

ಆ ಪೆಟ್ಟಿನ ತುದಿ ಪಾದ ನೆಲ ಮುಟ್ಟಿದ 0.05 ಸೆಕೆಂಡಿನ ಒಳಗೇ ಬಂದುಹೋಗುತ್ತದೆ. ಏನಾದರೂ ಆದದ್ದನ್ನು ತಿಳಿದು ಬೇಕೆಂದೇ ಪ್ರತಿಕ್ರಿಯಿಸಲು ಮನುಷ್ಯನಿಗೆ ಹತ್ತಿರ ಹತ್ತಿರ 0.2 ಸೆಕೆಂಡ್ ಬೇಕು. ಅಂದರೆ ಪೆಟ್ಟು ಬಿತ್ತೆಂದು ಮಿದುಳಿಗೆ ಅರಿವಾಗುವ ಹೊತ್ತಿಗೆ ಅದು ಹಳೆಯ ಸುದ್ದಿ. ಹಾಗಾಗಿ ತೊಡೆ, ಮೀನಖಂಡ, ಹರಡಿನ ಸ್ನಾಯುಗಳು ಪಾದ ಇನ್ನೂ ಗಾಳಿಯಲ್ಲಿರುವಾಗಲೇ ಬಿಗಿಯತೊಡಗುತ್ತವೆ. ನೆಲ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅವಕ್ಕೆ ಮೊದಲೇ ಗೊತ್ತಿರಬೇಕು. ತಲೆಕೆಳಗಾಗಿ ಸುತ್ತುತ್ತಿರುವ ವ್ಯಕ್ತಿ ನೆಲವನ್ನು ಕಂಡದ್ದು ಒಂದೆರಡು ಮಿಂಚಿನಷ್ಟು. ಆ ಅಂದಾಜು ಸರಿಬರುವುದಕ್ಕೇ ಸಾವಿರಾರು ಬಾರಿಯ ಅಭ್ಯಾಸ.

ಸಾವಿರಾರು ಎಂದರೆ ಎಷ್ಟು? ಒಂದು ಊಹೆಯ ಲೆಕ್ಕ ಮಾಡೋಣ. ದಿನಕ್ಕೆ 40 ಇಳಿತ, ವಾರಕ್ಕೆ ಐದು ದಿನ, ವರ್ಷಕ್ಕೆ 50 ವಾರ. ಒಟ್ಟು 10,000 ಇಳಿತ. ಒಂದೊಂದಕ್ಕೆ ದೇಹತೂಕದ 10 ಪಟ್ಟು ಎಂದರೆ 470 ಕೆ.ಜಿ. ವರ್ಷದ ಮೊತ್ತ 4,700 ಟನ್. ಪ್ರಯಾಣಿಕರು ತುಂಬಿದ ಬಸ್ಸೊಂದು 16 ಟನ್ ತೂಗುತ್ತದೆ ಎಂದುಕೊಂಡರೆ 290ಕ್ಕೂ ಹೆಚ್ಚು ಬಸ್ಸು. ಒಂದು ಜೊತೆ ಕಾಲು ವರ್ಷವಿಡೀ ಕಂತುಕಂತಾಗಿ ತಡೆಯುವ ಹೊರೆ ಇಷ್ಟು.

ಅಚ್ಚರಿಯೆಂದರೆ ಮೂಳೆ ಇದನ್ನು ಸುಮ್ಮನೆ ಸಹಿಸುವುದಿಲ್ಲ, ಕಲಿಯುತ್ತದೆ. ಜಿಮ್ನಾಸ್ಟ್‌ಗಳ ಸೊಂಟದ, ಬೆನ್ನೆಲುಬಿನ ಮೂಳೆಗಳ ಸಾಂದ್ರತೆ ಅದೇ ವಯಸ್ಸಿನ ಇತರರಿಗಿಂತ, ದೂರದ ಓಟಗಾರ್ತಿಯರಿಗಿಂತಲೂ ಹೆಚ್ಚಿರುವುದು ಪದೇ ಪದೇ ಕಂಡುಬಂದಿದೆ. ಪೆಟ್ಟು ತಿಂದ ಮೂಳೆ ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾಗಲು ಬಿಡುವು ಬೇಕು. ಬೆಳೆಯುವ ಮಕ್ಕಳಲ್ಲಿ ಹಿಮ್ಮಡಿ ಮತ್ತು ಮಂಡಿಯ ಕೆಳಗಿನ ಎಳೆಯ ಮೂಳೆತುದಿಗಳು ನೋಯತೊಡಗಿದರೆ, ಆ ಬಿಡುವು ಸಿಕ್ಕಿಲ್ಲ ಎಂದೇ ಅರ್ಥ.

ಹರಿದದ್ದು, ಮುರಿದದ್ದು

ಲೆಕ್ಕ ತಪ್ಪಿದ ದಿನ ಏನಾಗುತ್ತದೆ? 2024ರ ಜೂನ್ ಕೊನೆಯ ವಾರ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ತಂಡದ ಆಯ್ಕೆ ನಡೆಯುತ್ತಿತ್ತು. ಸ್ಕೈ ಬ್ಲೇಕ್ಲಿ ನೆಲದ ವ್ಯಾಯಾಮದ ತಾಲೀಮಿನಲ್ಲಿ ಅಕಿಲಿಸ್ ಹರಿದುಕೊಂಡರು. ಎರಡು ದಿನದ ನಂತರ ಕೇಲಾ ಡಿಚೆಲ್ಲೊ, ಓಡಿಬಂದು ಮೇಜಿನ ಮೇಲೆ ಕೈ ಊರಿ ಹಾರುವ ‘ವಾಲ್ಟ್’ನಲ್ಲಿ ಅಕಿಲಿಸ್ ಹರಿದುಕೊಂಡರು. ಅದೇ ದಿನ ಶಿಲೀಸ್ ಜೋನ್ಸ್ ಮಂಡಿಗೆ ಪೆಟ್ಟಾಯಿತು. ಮೂರು ದಿನದಲ್ಲಿ ಮೂವರು, ಮೂವರದೂ ಕಾಲು. ಒಲಿಂಪಿಕ್ಸ್‌ಗೆ ಒಂದು ತಿಂಗಳು ಉಳಿದಿತ್ತು.

ರಷ್ಯಾದ ಆರ್ತುರ್ ದಲಲೋಯಾನ್ 2021ರ ಏಪ್ರಿಲ್‌ನಲ್ಲಿ ಅಕಿಲಿಸ್ ಹರಿದುಕೊಂಡವರು. ಜುಲೈನಲ್ಲಿ ಟೋಕಿಯೊದಲ್ಲಿ ತಂಡದ ಜೊತೆ ಸ್ಪರ್ಧೆಗಿಳಿದರು. ಆ ತಂಡ ಜಪಾನನ್ನು 0.103 ಅಂಕದಿಂದ ಹಿಂದಿಕ್ಕಿ ಚಿನ್ನ ಗೆದ್ದಿತು. ಇದು ಗೆದ್ದವರ ಕಥೆ. ಎಲ್ಲ ಕಥೆಗಳೂ ಹಾಗೆ ಮುಗಿಯುವುದಿಲ್ಲ.

ಎಲೆನಾ ಮುಖಿನಾ 1978ರ ವಿಶ್ವ ಚಾಂಪಿಯನ್. 1979ರಲ್ಲಿ ಅವರ ಕಾಲು ಮುರಿಯಿತು. ಪೂರ್ತಿ ಕೂಡಿಕೊಳ್ಳುವ ಮುಂಚೆಯೇ ಅವರು ತಾಲೀಮಿಗೆ ಮರಳಬೇಕಾಯಿತು. 1980ರ ಜುಲೈ 3ರಂದು, ಮಾಸ್ಕೊ ಒಲಿಂಪಿಕ್ಸ್‌ಗೆ ಎರಡು ವಾರ ಇರುವಾಗ, ಮಿನ್ಸ್ಕ್‌ನಲ್ಲಿ ಒಂದೂವರೆ ಲಾಗ, ಒಂದೂವರೆ ಸುತ್ತಿನ ಒಂದು ವರಸೆಯನ್ನು ಅಭ್ಯಾಸ ಮಾಡುತ್ತಿದ್ದರು. ಕಾಲಿನ ಮೇಲೆ ಇಳಿಯುವ ವರಸೆಯಲ್ಲ ಅದು, ತಲೆ ಒಳಗೆಳೆದುಕೊಂಡು ಮುಂದಕ್ಕೆ ಉರುಳಬೇಕಾದದ್ದು. ಸುತ್ತು ಪೂರ್ತಿಯಾಗಲಿಲ್ಲ. ಗಲ್ಲ ನೆಲಕ್ಕೆ ಬಡಿದು ಕತ್ತಿನ ಮೂಳೆ ಮುರಿಯಿತು. ಆಗ ವಯಸ್ಸು 20. ಕತ್ತಿನಿಂದ ಕೆಳಗೆ ಸ್ವಾಧೀನವಿಲ್ಲದೆ 26 ವರ್ಷ ಬದುಕಿ 2006ರಲ್ಲಿ ತೀರಿಕೊಂಡರು. ಬಲವಿಲ್ಲದ ಕಾಲು ಕೊಡದ ಕೆಲವು ಸೆಂಟಿಮೀಟರ್ ಎತ್ತರಕ್ಕೆ ಕತ್ತು ಬೆಲೆ ತೆರಬಹುದು ಎಂದು ಆ ದಿನ ತಿಳಿಯಿತು. ಹೀಗೆ ಉರುಳಿ ಮುಗಿಯುವ ಲಾಗಗಳು ಈಗ ನಿಷಿದ್ಧ.

ಅಗರ್ತಲಾದ ಚಪ್ಪಟೆ ಪಾದ

ಪಾದದ ಒಳಬದಿಯಲ್ಲಿ ಕಮಾನಿದೆ. ಒದ್ದೆ ಕಾಲಲ್ಲಿ ನಡೆದಾಗ ನಡುವೆ ಖಾಲಿ ಬಿಟ್ಟು ಮೂಡುವ ಹೆಜ್ಜೆಗುರುತು ಅದರ ಸಾಕ್ಷಿ. ಓಡುವಾಗ ಪ್ರತಿ ಹೆಜ್ಜೆಯ ಶಕ್ತಿಯಲ್ಲಿ ಸುಮಾರು ಶೇ 35ನ್ನು ಅಕಿಲಿಸ್ ಹಿಡಿದಿಟ್ಟರೆ, ಶೇ 17ನ್ನು ಈ ಕಮಾನು ಹಿಡಿದಿಡುತ್ತದೆ, ಮರುಕ್ಷಣ ಬಿಟ್ಟುಕೊಡುತ್ತದೆ. ದೇಹ ಪುಟಿಯಲು ದೇವರು ಕೊಟ್ಟ ಎರಡನೆಯ ಸ್ಪ್ರಿಂಗ್ ಅದು.

ತ್ರಿಪುರಾದ ಅಗರ್ತಲಾದ ದೀಪಾ ಕರ್ಮಾಕರ್ ಅವರದು ಚಪ್ಪಟೆ ಪಾದ. ಕಮಾನು ಇಲ್ಲದ ಪಾದ ಜಿಮ್ನಾಸ್ಟಿಕ್ಸ್‌ಗೆ ಆಗುವುದಿಲ್ಲ ಎಂಬುದೇ ಸಾಮಾನ್ಯ ತಿಳಿವಳಿಕೆ. ಕೋಚ್ ಬಿಶ್ವೇಶ್ವರ ನಂದಿ ವರ್ಷಗಟ್ಟಲೆ ವ್ಯಾಯಾಮ ಮಾಡಿಸಿ ಆ ಪಾದಕ್ಕೆ ಬಾಗು ತರಿಸಿದರು. ಹಳೆಯ ಸ್ಕೂಟರಿನ ಬಿಡಿಭಾಗಗಳಿಂದ ಜೋಡಿಸಿದ ಸಲಕರಣೆಯ ಮೇಲೆ ಅಭ್ಯಾಸ ನಡೆಯಿತು. ಆ ಪಾದಗಳು 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ ‘ಪ್ರೊಡುನೋವಾ’ ಹಾಕಿದವು: ಮೇಜಿನ ಮೇಲೆ ಕೈ ಊರಿ, ಅಲ್ಲಿಂದ ಚಿಮ್ಮಿ, ಮುಂದಕ್ಕೆ ಎರಡು ಲಾಗ. ಮುಂದಕ್ಕೆ ಹಾಕುವ ಲಾಗದಲ್ಲಿ ಕೊನೆಯ ಗಳಿಗೆಯವರೆಗೂ ನೆಲ ಕಾಣುವುದಿಲ್ಲ. ದೀಪಾ ನಿಂತದ್ದು ತೀರಾ ಕುಕ್ಕರಿಸಿ, ಇನ್ನೇನು ಕೂತೇಬಿಟ್ಟರು ಎನ್ನುವಂತೆ. ಅಂಕ ಕಡಿತವಾಯಿತು, ಆದರೆ ಕಾಲು ಉಳಿಯಿತು. ಎರಡು ವಾಲ್ಟ್‌ಗಳ ಸರಾಸರಿ 15.066. ಕಂಚು ಗೆದ್ದ ಸ್ವಿಟ್ಜರ್ಲೆಂಡ್‌ನ ಗಿಯುಲಿಯಾ ಸ್ಟೈನ್‌ಗ್ರುಬರ್ ಅವರದು 15.216. ಅಂತರ 0.150, ವಾಲ್ಟ್ ಒಂದಕ್ಕೆ ಒಂದೂವರೆ ಸಣ್ಣ ಹೆಜ್ಜೆಯಷ್ಟು. ಮರುವರ್ಷವೇ ದೀಪಾ ಅವರ ಮಂಡಿಯ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾಯಿತು. ಆದರೂ 2024ರಲ್ಲಿ ತಾಷ್ಕೆಂಟ್‌ನಲ್ಲಿ ಏಷ್ಯನ್ ಚಾಂಪಿಯನ್ ಆಗಿ, ಅದೇ ವರ್ಷ ನಿವೃತ್ತಿ ಘೋಷಿಸಿದರು.

0.033

ಕೊನೆಯ ಲೆಕ್ಕ ಪ್ಯಾರಿಸ್‌ನದು. 2024ರ ಆಗಸ್ಟ್ 5, ಮಹಿಳೆಯರ ನೆಲದ ವ್ಯಾಯಾಮದ ಫೈನಲ್. ಅರ್ಹತಾ ಸುತ್ತಿನಲ್ಲೇ ಎಡ ಮೀನಖಂಡ ನೋಯಿಸಿಕೊಂಡಿದ್ದ ಬೈಲ್ಸ್, ಪಟ್ಟಿ ಕಟ್ಟಿಕೊಂಡೇ ಮೂರು ಚಿನ್ನ ಗೆದ್ದು ಇಲ್ಲಿಗೆ ಬಂದಿದ್ದರು. ಲಾಗಗಳ ಕಠಿಣತೆಯಲ್ಲಿ ಅವರಿಗೆ ಸಾಟಿ ಇರಲಿಲ್ಲ. ಎದುರಿಗೆ ಬ್ರೆಜಿಲ್‌ನ ರೆಬೆಕಾ ಆಂಡ್ರಾಡೆ. 2015, 2017, 2019ರಲ್ಲಿ ಒಂದರ ಹಿಂದೊಂದು ಮೂರು ಬಾರಿ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು, ಮೂರು ಬಾರಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು.

ಬೈಲ್ಸ್ ಎರಡು ಬಾರಿ ಇಳಿದದ್ದು ಗೆರೆಯಾಚೆ. ಕಾಲಿನ ಬಲಕ್ಕೆ 17 ಮೀಟರ್ ನೆಲ ಸಾಲಲಿಲ್ಲ. 0.6 ಅಂಕ ಕಡಿತವಾಗಿ ಅವರಿಗೆ ಸಿಕ್ಕಿದ್ದು 14.133. ಆಂಡ್ರಾಡೆಗೆ 14.166. ಮೂರು ಸಲ ಹೊಲಿದ ಮಂಡಿ 0.033 ಅಂಕದಿಂದ ಚಿನ್ನ ಗೆದ್ದಿತು. ಪದಕ ವೇದಿಕೆಯ ಮೇಲೆ ಬೈಲ್ಸ್ ಮಂಡಿಯೂರಿ ಆಂಡ್ರಾಡೆಗೆ ತಲೆಬಾಗಿದರು.

ಆ ಫೈನಲ್‌ನ ವಿಡಿಯೊ ಸಿಕ್ಕರೆ ಇನ್ನೊಮ್ಮೆ ನೋಡಿ, ನಿಧಾನಗತಿಯಲ್ಲಿ. ಹಾರಿದ ಮೇಲಿನದ್ದನ್ನು ಬಿಡಿ. ಹಾರುವ ಮುಂಚಿನ ಆ ಹತ್ತರಲ್ಲೊಂದು ಸೆಕೆಂಡ್, ಇಳಿದ ಮೇಲಿನ ಮೊದಲ ಇಪ್ಪತ್ತರಲ್ಲೊಂದು ಸೆಕೆಂಡ್, ಇವೆರಡರಲ್ಲಿ ಹಿಮ್ಮಡಿ ಮತ್ತು ಮಂಡಿ ಏನು ಮಾಡುತ್ತವೆ ಎಂದಷ್ಟೇ ಗಮನಿಸಿ. ನಿಮ್ಮ ಮನೆಯ ಮಗು ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದರೆ, ಎಷ್ಟು ಲಾಗ ಹಾಕಲು ಬಂತು ಎಂದು ಕೇಳುವ ಮೊದಲು, ಇಳಿಯುವುದನ್ನು ಹೇಗೆ ಕಲಿಸುತ್ತಿದ್ದಾರೆ, ಕಾಲಿಗೆ ಬಿಡುವು ಎಷ್ಟು ಕೊಡುತ್ತಿದ್ದಾರೆ ಎಂದು ಕೋಚ್‌ಗೆ ಕೇಳಿ.